ಮೊಡವೆಯ ಆರೋಪಿಗಳು

ಹದಿಹರೆಯದ ಮುಖದಲ್ಲಿ ಮೊದಲ ಮೊಡವೆ ಎದ್ದ ದಿನವೇ ಮನೆಯಲ್ಲಿ ವಿಚಾರಣೆ ಶುರುವಾಗುತ್ತದೆ. ಮಾವಿನಹಣ್ಣು ಉಷ್ಣ, ಕಡಲೆಕಾಯಿ ಪಿತ್ತ, ಬಜ್ಜಿ ಬೋಂಡದ ಎಣ್ಣೆಯೇ ಮುಖಕ್ಕೆ ಬಂದಿದೆ, ಚಾಕೊಲೇಟು ಬಿಡು, ಮುಖ ನೆಟ್ಟಗೆ ತೊಳಿ. ಹೇಳುವವರಿಗೆ ಕಾಳಜಿಯೇ ಇರುತ್ತದೆ. ಆದರೂ ಈ ಮಾತುಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ತೀರ್ಪಿಗೆ: ತಪ್ಪು ಮೊಡವೆ ಬಂದವರದೇ. ಈ ತೀರ್ಪಿಗೆ ಒಂದು ಇತಿಹಾಸವಿದೆ. ಅದರಲ್ಲಿ ಮನೆಮಾತಿನ ಪಾಲು ಎಷ್ಟೋ, ವೈದ್ಯವಿಜ್ಞಾನದ ಪಾಲೂ ಅಷ್ಟೇ ಇದೆ. ಏಕೆಂದರೆ ಮೊಡವೆಯ ಬಗ್ಗೆ ವಿಜ್ಞಾನ ಒಂದು ತಪ್ಪನ್ನು ತಿದ್ದಲು ಹೋಗಿ ಅದರ ತದ್ವಿರುದ್ಧವಾದ ಇನ್ನೊಂದು ತಪ್ಪನ್ನು ಮೂರು ದಶಕಗಳ ಕಾಲ ಕಲಿಸಿತು.

ಮೊಡವೆಗೂ ಪ್ರಾಯಕ್ಕೂ ನಂಟಿದೆ ಎಂಬುದು ನಮ್ಮ ಹಳಬರಿಗೆ ಚೆನ್ನಾಗಿ ಗೊತ್ತಿತ್ತು. ಸುಶ್ರುತ ಸಂಹಿತೆ ಇದನ್ನು ಯುವಕರ ಮುಖದಲ್ಲಿ ಏಳುವ, ಬೂರುಗದ ಮುಳ್ಳಿನಂಥ ಗುಳ್ಳೆಯೆಂದು ವರ್ಣಿಸಿ ಕಫ, ವಾತ, ರಕ್ತಗಳನ್ನು ಕಾರಣವಾಗಿ ಹೇಳುತ್ತದೆ. ನಾವು ಇಂದು ಸದಾ ದೂರುವ ಪಿತ್ತ ಆ ಪಟ್ಟಿಯಲ್ಲಿ ಇಲ್ಲವೆಂಬುದು ಗಮನಿಸಬೇಕಾದ ಸಂಗತಿ. ಪ್ರಾಯದ ನಂಟಿಗೆ ಆಧುನಿಕ ಪುರಾವೆ ಸಿಕ್ಕಿದ್ದು 1941ರಲ್ಲಿ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್, ವೃಷಣಗಳು ಕೆಲಸ ಮಾಡದ ಗಂಡಸರಲ್ಲಿ ಮೊಡವೆ ಕಾಣಿಸುವುದಿಲ್ಲ, ಅಂಥವರಿಗೆ ಗಂಡು ಹಾರ್ಮೋನು ಕೊಟ್ಟರೆ ಕಾಣಿಸಬಹುದು ಎಂದು ತೋರಿಸಿದರು. ಇದೇ ಬಗೆಯ ಹಾರ್ಮೋನು ಹೆಣ್ಣುಮಕ್ಕಳ ದೇಹದಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ. ಅದರ ಪ್ರಚೋದನೆಗೆ ಚರ್ಮದ ತೈಲಗ್ರಂಥಿಗಳು ಹಿಗ್ಗಿ ಜಿಡ್ಡು ಹೆಚ್ಚುತ್ತದೆ. ರೋಮಕೂಪದ ಒಳಗೋಡೆಯ ಜೀವಕೋಶಗಳು ಕಳಚಿ ಹೊರಬರದೆ ಅಲ್ಲೇ ಅಂಟಿಕೊಂಡು ದಾರಿ ಕಟ್ಟುತ್ತವೆ. ಎಲ್ಲರ ಚರ್ಮದಲ್ಲೂ ಬದುಕುವ ಒಂದು ಬ್ಯಾಕ್ಟೀರಿಯಾ ಆ ಮುಚ್ಚಿದ ಕೂಪದಲ್ಲಿ ಸೊಂಪಾಗಿ ಬೆಳೆಯುತ್ತದೆ, ದೇಹ ಅದರ ಮೇಲೆ ತಿರುಗಿಬೀಳುತ್ತದೆ, ಗುಳ್ಳೆ ಕೆಂಪಾಗಿ ಊದುತ್ತದೆ. ಈ ಸರಣಿ ಯಾರಲ್ಲಿ ಎಷ್ಟು ತೀವ್ರವಾಗುತ್ತದೆ ಎಂಬುದು ಬಹುಪಾಲು ಹುಟ್ಟಿನಿಂದಲೇ ಬರುವಂಥದ್ದು. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಅವಳಿಗಳ ಅಧ್ಯಯನವೊಂದು, ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ವ್ಯತ್ಯಾಸದಲ್ಲಿ ಶೇ 81ರಷ್ಟು ವಂಶವಾಹಿಗಳದ್ದು ಎಂದು ಲೆಕ್ಕ ಹಾಕಿತು.

ಹಾಗಿದ್ದರೆ ಊಟಕ್ಕೆ ಇದರಲ್ಲಿ ಪಾತ್ರವೇ ಇಲ್ಲವೇ? ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಪಾಶ್ಚಾತ್ಯ ವೈದ್ಯರು ಇದೆ ಎಂದೇ ನಂಬಿ ಚಾಕೊಲೇಟು, ಸಿಹಿ, ಕೊಬ್ಬಿನ ಪದಾರ್ಥ ಬಿಡುವಂತೆ ರೋಗಿಗಳಿಗೆ ಹೇಳುತ್ತಿದ್ದರು. 1969ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಫುಲ್ಟನ್, ಗೆರ್ಡ್ ಪ್ಲೆವಿಗ್ ಮತ್ತು ಆಲ್ಬರ್ಟ್ ಕ್ಲಿಗ್ಮನ್ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. 65 ಮಂದಿ, ಅವರಲ್ಲಿ 30 ಹದಿಹರೆಯದವರು, 35 ಕೈದಿಗಳು. ಮಾಮೂಲಿನ ಹತ್ತು ಪಟ್ಟು ಚಾಕೊಲೇಟು ತುಂಬಿದ ಬಾರನ್ನು ನಾಲ್ಕು ವಾರ ದಿನವೂ ತಿನ್ನಬೇಕು, ಇನ್ನು ನಾಲ್ಕು ವಾರ ಚಾಕೊಲೇಟಿಲ್ಲದ ನಕಲಿ ಬಾರು. 46 ಜನರಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ, 10 ಜನರಿಗೆ ಮೊಡವೆ ಕಡಿಮೆಯಾಯಿತು, 9 ಜನರಿಗೆ ಹೆಚ್ಚಾಯಿತು. ಚಾಕೊಲೇಟು ನಿರಪರಾಧಿ ಎಂಬ ತೀರ್ಮಾನ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಎರಡು ವರ್ಷದ ನಂತರ ಮಿಸೌರಿಯಲ್ಲಿ 27 ವಿದ್ಯಾರ್ಥಿಗಳಿಗೆ ಚಾಕೊಲೇಟು, ಹಾಲು, ಕಡಲೆಬೀಜ, ಕೋಲಾ ಕೊಟ್ಟು ಒಂದು ವಾರ ನೋಡಿ ಇದನ್ನೇ ಇನ್ನೊಮ್ಮೆ ಹೇಳಲಾಯಿತು. ಅಲ್ಲಿಗೆ ಪ್ರಕರಣ ಮುಗಿಯಿತು. ಆಹಾರಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಎಂಬ ವಾಕ್ಯ ಪಠ್ಯಪುಸ್ತಕ ಸೇರಿತು.

ಆ ಪ್ರಯೋಗವನ್ನು ಇಂದು ಓದಿದರೆ ಎದ್ದು ಕಾಣುವುದು ನಕಲಿ ಬಾರಿನ ಕಥೆ. ಹೋಲಿಕೆ ನ್ಯಾಯವಾಗಿರಲೆಂದು ಅದರಲ್ಲೂ ಸರಿಸುಮಾರು ಅಷ್ಟೇ ಕೊಬ್ಬು, ಅಷ್ಟೇ ಸಕ್ಕರೆ ತುಂಬಿದ್ದರು. ತಪ್ಪು ಕೋಕೋದ್ದೇ ಎಂದು ಕೇಳುವವರಿಗೆ ಅದು ಸರಿಯಾದ ವಿನ್ಯಾಸ. ತಪ್ಪು ಸಕ್ಕರೆಯದ್ದಾಗಿದ್ದರೆ ಎರಡೂ ಬಾರುಗಳು ಸಮಾನ ಅಪರಾಧಿಗಳು, ಅವುಗಳ ನಡುವೆ ವ್ಯತ್ಯಾಸ ಕಾಣುವುದಾದರೂ ಹೇಗೆ? ಪ್ರಯೋಗಕ್ಕೆ ಚಾಕೊಲೇಟ್ ತಯಾರಕರ ಸಂಘದ ನೆರವೂ ಇತ್ತು. ನೆರವು ಪಡೆದ ಮಾತ್ರಕ್ಕೆ ಫಲಿತಾಂಶ ಸುಳ್ಳೆಂದು ನಾನು ಹೇಳುವುದಿಲ್ಲ. ಮೊಡವೆಗೆ ಇಂದಿಗೂ ಮುಖ್ಯ ಔಷಧಗಳಲ್ಲಿ ಒಂದಾದ ಟ್ರೆಟಿನಾಯಿನ್ ಬಳಕೆಗೆ ಬರಲು ಕಾರಣರಾದವರೂ ಇದೇ ಮೂವರು. ಆದರೆ ಕ್ಲಿಗ್ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳು ವೈದ್ಯಕೀಯ ನೀತಿಗೆ ಅಂಟಿದ ಕಳಂಕವೆಂಬುದನ್ನೂ ಮರೆಯುವಂತಿಲ್ಲ. ನನ್ನ ತಕರಾರು ಆ ಮೂವರಿಗಿಂತ ಹೆಚ್ಚಾಗಿ ಅವರ ಸಣ್ಣ ಉತ್ತರವನ್ನು ದೊಡ್ಡ ಸಿದ್ಧಾಂತ ಮಾಡಿದವರ ಬಗ್ಗೆ.

ಮೂರು ದಶಕ ಕಳೆದ ಮೇಲೆ ಲೊರೆನ್ ಕಾರ್ಡೈನ್ ಮತ್ತು ಸಂಗಡಿಗರು ಪ್ರಶ್ನೆಯನ್ನು ಮತ್ತೆ ಎತ್ತಿದರು. ಪಪುವಾ ನ್ಯೂಗಿನಿಯ ಕಿಟಾವ ದ್ವೀಪದಲ್ಲಿ ಪರೀಕ್ಷಿಸಿದ 1,200 ಜನರಲ್ಲಿ, ಪರಾಗ್ವೆಯ ಆಚೆ ಬುಡಕಟ್ಟಿನ 115 ಜನರಲ್ಲಿ ಒಂದು ಮೊಡವೆಯೂ ಸಿಗಲಿಲ್ಲ ಎಂದು 2002ರಲ್ಲಿ ವರದಿ ಮಾಡಿದರು. ಕಿಟಾವದವರ ಊಟ ಗೆಡ್ಡೆಗೆಣಸು, ಮೀನು, ಹಣ್ಣು, ತೆಂಗು. ಅದು ಅವರ ವಂಶಗುಣವಿರಬಹುದಲ್ಲ ಎಂಬ ಆಕ್ಷೇಪ ಸರಿಯಾದದ್ದೇ, ಬರೀ ನೋಡಿ ಬರೆದ ಅಧ್ಯಯನದಿಂದ ಕಾರಣ ಸಿದ್ಧವಾಗುವುದಿಲ್ಲ. ಆದ್ದರಿಂದ 2007ರ ಮೆಲ್ಬರ್ನ್ ಪ್ರಯೋಗಕ್ಕೆ ಹೆಚ್ಚು ತೂಕವಿದೆ. 15ರಿಂದ 25 ವರ್ಷದ 43 ಯುವಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದ ಆಹಾರ ಕೊಟ್ಟರು. 12 ವಾರದ ಕೊನೆಗೆ ಆ ಗುಂಪಿನಲ್ಲಿ ಗುಳ್ಳೆಗಳು ಸರಾಸರಿ 23ಕ್ಕೂ ಹೆಚ್ಚು ಕಡಿಮೆಯಾದರೆ ಇನ್ನೊಂದರಲ್ಲಿ 12 ಮಾತ್ರ. ಸಕ್ಕರೆ ಏರಿದಾಗ ಇನ್ಸುಲಿನ್ ಏರುತ್ತದೆ, ಅದರ ಜೊತೆ ಏರುವ ಬೆಳವಣಿಗೆಯ ಅಂಶಗಳು ತೈಲಗ್ರಂಥಿಯನ್ನು ಚುರುಕುಗೊಳಿಸುತ್ತವೆ ಎಂಬುದು ವಿವರಣೆ. ಅದೇ ಗುಂಪಿನವರ ತೂಕವೂ ಇಳಿದಿದ್ದರಿಂದ ಯಾವುದು ಯಾವುದರ ಫಲವೆಂದು ಬಿಡಿಸಿ ಹೇಳುವುದು ಕಷ್ಟ, ಪ್ರಯೋಗವೂ ಚಿಕ್ಕದು. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2016ರಲ್ಲಿ ನಂಟಿನ ಸೂಚನೆಗಳಿವೆ ಎಂದು ಒಪ್ಪಿಕೊಂಡಿತು, ಆದರೆ ಮೊಡವೆಗಾಗಿ ಪಥ್ಯ ಹೇಳುವಷ್ಟು ಆಧಾರವಿಲ್ಲ ಎಂದಿತು. ನನಗೆ ಇದು ಪ್ರಾಮಾಣಿಕ ನಿಲುವೆನಿಸುತ್ತದೆ. ಹೀಗೆ ಸಂಶಯ ಸಕ್ಕರೆಯ ಕಡೆ ತಿರುಗುತ್ತಿದ್ದರೂ ನಮ್ಮ ಮನೆಗಳಲ್ಲಿ ಬೈಸಿಕೊಳ್ಳುವುದು ಬಜ್ಜಿಯ ಎಣ್ಣೆ. ಬೇಕರಿಯ ಬನ್ನನ್ನೂ ಬಾಟಲಿಯ ತಂಪು ಪಾನೀಯವನ್ನೂ ಯಾರೂ ಕೇಳುವುದಿಲ್ಲ.

ಆದರೂ ಒಬ್ಬ ತಾಯಿ ಹೇಳಬಹುದು: ಮೊನ್ನೆ ಮಾವಿನಹಣ್ಣು ತಿಂದ, ಇವತ್ತು ಗುಳ್ಳೆ ಎದ್ದಿದೆ, ಕಣ್ಣಾರೆ ಕಂಡದ್ದನ್ನು ಹೇಗೆ ಅಲ್ಲಗಳೆಯಲಿ? ಕಂಡದ್ದು ನಿಜ. ಆದರೆ ಇಂದು ಹೊರಗೆ ಕಂಡ ಮೊಡವೆಯ ಮೂಲ ಚರ್ಮದೊಳಗೆ ಕಣ್ಣಿಗೆ ಬೀಳದ ತಡೆಯಾಗಿ ವಾರಗಳ ಹಿಂದೆಯೇ ಕಟ್ಟಿಕೊಂಡಿರುತ್ತದೆ. ನಾವು ಮಾತ್ರ ನಿನ್ನೆ ಮೊನ್ನೆಯ ಊಟವನ್ನಷ್ಟೇ ನೆನಪಿಟ್ಟು ಅದನ್ನೇ ಕಟಕಟೆಗೆ ತರುತ್ತೇವೆ. ಹಣ್ಣು ತಿಂದೂ ಗುಳ್ಳೆ ಏಳದ ದಿನಗಳ ಲೆಕ್ಕ ಯಾರೂ ಇಡುವುದಿಲ್ಲ. ಕೊಳೆಯ ಆರೋಪವೂ ಇಂಥದ್ದೇ. ಬ್ಲ್ಯಾಕ್‌ಹೆಡ್ಡಿನ ಕಪ್ಪು ಧೂಳಲ್ಲ, ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವ ಮೆಲನಿನ್. ಅದನ್ನು ಸೋಪು ಹಾಕಿ ಉಜ್ಜಿ ತೆಗೆಯಲಾಗದು. ದಿನಕ್ಕೆ ಎರಡು ಸಲ ಮೆದುವಾಗಿ ಮುಖ ತೊಳೆದರೆ ಸಾಕು. ಕಡಲೆಹಿಟ್ಟು, ಸ್ಕ್ರಬ್ಬು ಹಾಕಿ ತಿಕ್ಕಿದಷ್ಟೂ ಊದಿದ ಚರ್ಮ ಮತ್ತಷ್ಟು ಕೆರಳುತ್ತದೆ.

ಸ್ವಲ್ಪ ಪಥ್ಯ ಮಾಡಿದರೆ, ನಾಲ್ಕು ಸಲ ತೊಳೆದರೆ ನಷ್ಟವೇನು ಎಂಬ ಪ್ರಶ್ನೆ ಉಳಿಯುತ್ತದೆ. ನಷ್ಟ ಕಾಲದ್ದು. ತಿಂಡಿಯನ್ನೂ ಸೋಪನ್ನೂ ದೂರುತ್ತ ಕಳೆದ ತಿಂಗಳುಗಳಲ್ಲಿ ಆಳದ ಗುಳ್ಳೆಗಳು ಕುಳಿ ಬೀಳಿಸುತ್ತವೆ, ಗುಳ್ಳೆ ಆರಿದರೂ ನಮ್ಮ ಗೋಧಿಬಣ್ಣದ, ಕಪ್ಪುಬಣ್ಣದ ಚರ್ಮದಲ್ಲಿ ಕಲೆ ಬಹುಕಾಲ ನಿಲ್ಲುತ್ತದೆ. ಬೆನ್‌ಜಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ನಂಬಿಕಸ್ಥ ಲೇಪನಗಳು ಕಟ್ಟಿಕೊಳ್ಳುತ್ತಿರುವ ತಡೆಯನ್ನೇ ತಪ್ಪಿಸಬೇಕಾದ್ದರಿಂದ ಫಲ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತವೆ, ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆ ಏಳುವುದೂ ಉಂಟು. ನಿನ್ನೆಯ ಊಟಕ್ಕೆ ಇಂದಿನ ಗುಳ್ಳೆ ಎಂದು ನಂಬಿದವರು ನಿನ್ನೆಯ ಮುಲಾಮಿಗೆ ಇಂದೇ ಗುಣ ಬಯಸುತ್ತಾರೆ, ಹತ್ತು ದಿನಕ್ಕೆ ಟ್ಯೂಬು ಎಸೆಯುತ್ತಾರೆ. ಆಗ ಕೈಗೆ ಸಿಗುವುದು ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಕ್ರೀಮು. ಅದು ಎರಡು ಮೂರು ದಿನದಲ್ಲೇ ಕೆಂಪು ಇಳಿಸುತ್ತದೆ, ಬಣ್ಣವನ್ನೂ ತಿಳಿಯಾಗಿಸುತ್ತದೆ, ಅದಕ್ಕೇ ಜನ ಅದನ್ನು ನಂಬುತ್ತಾರೆ. ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಬಿಟ್ಟೊಡನೆ ಮುಖ ಉರಿಯುತ್ತದೆ, ಹಿಂದಿಗಿಂತ ಹೆಚ್ಚು ಮೊಡವೆ ಏಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿ ಎಷ್ಟು ಮುಖ್ಯವೋ, ಚರ್ಮವೈದ್ಯರು ಚೀಟಿ ಬರೆಯುವಾಗ ಮೂರು ತಿಂಗಳು ಏಕೆ ಕಾಯಬೇಕೆಂದು ಎದುರು ಕೂತ ಹುಡುಗಿಗೂ ಅವಳ ತಾಯಿಗೂ ಬಿಡಿಸಿ ಹೇಳುವ ಐದು ನಿಮಿಷವೂ ಅಷ್ಟೇ ಮುಖ್ಯ.