ವ್ಯಾಪಾರಿಯ ಸಮತೆ, ವಿದ್ಯಾಪೀಠದ ವ್ಯಾಪಾರ
ಅಮೆರಿಕದ ಫುಟ್ಬಾಲ್ ಕುರಿತು ಒಬ್ಬ ಅಭಿಮಾನಿಯ ವಿಚಾರ

ಫುಟ್ಬಾಲ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಾಲಿನಿಂದ ಒದೆಯುವ ದುಂಡು ಚೆಂಡು. ಅಮೆರಿಕನ್ನರು ಅದೇ ಹೆಸರಿನಿಂದ ಕರೆಯುವ ಆಟದಲ್ಲಾದರೋ ಚೆಂಡು ದುಂಡಗಿಲ್ಲ. ಕಾಲಿಗೆ ಕೆಲಸವೂ ಬಹಳ ಕಡಮೆ. ಎರಡು ತುದಿಗಳೂ ಚೂಪಾಗಿರುವ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಕೈಯಿಂದ ದೂರಕ್ಕೆ ಎಸೆಯುವುದು, ಓಡುವವನನ್ನು ಹಿಡಿದು ಕೆಡಹುವುದು, ಇವೇ ಆ ಆಟದ ಮುಖ್ಯ ಅಂಗಗಳು. ಒಂದೊಂದು ಪಕ್ಷದಲ್ಲಿ ಹನ್ನೊಂದು ಮಂದಿ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದುವರಿದರೆ ಮತ್ತೆ ನಾಲ್ಕು ಪ್ರಯತ್ನಗಳ ಹಕ್ಕು. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಹೀಗೆ ನೂರು ಗಜದ ಮೈದಾನವನ್ನು ತುಂಡುತುಂಡಾಗಿ ಗೆದ್ದು ಕೊನೆಯ ಗೆರೆಯನ್ನು ದಾಟಿದರೆ ಆರು ಅಂಕಗಳು. ಸುಮ್ಮನೆ ನೋಡುವವರಿಗೆ ಇದು ಮಲ್ಲಯುದ್ಧ. ತಿಳಿದು ನೋಡುವವರಿಗೆ ಚದುರಂಗ.

ಈ ಆಟಕ್ಕೆ ಅಲ್ಲಿ ಎರಡು ಮನೆಗಳು. ಶನಿವಾರ ಕಾಲೇಜುಗಳ ಪಂದ್ಯ. ಭಾನುವಾರ ವೃತ್ತಿ ಆಟಗಾರರ ಪಂದ್ಯ. ಯಾವುದು ಮೇಲೆಂಬ ಜಗಳ ಅಮೆರಿಕದ ಮನೆಮನೆಯಲ್ಲೂ ಉಂಟು. ಎರಡನ್ನೂ ಬಿಡದೆ ನೋಡುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಪ್ರೀತಿ ಶನಿವಾರದ ಕಡೆಗೆ. ಗೌರವ ಮಾತ್ರ ಭಾನುವಾರಕ್ಕೆ. ಹೀಗಾದುದೇಕೆ ಎಂಬುದೇ ಈ ಲೇಖನದ ವಿಷಯ.

ಶನಿವಾರದ ಸೊಗಸು

1869ರ ನವೆಂಬರ್ 6ರಂದು ನ್ಯೂಜೆರ್ಸಿಯ ನ್ಯೂ ಬ್ರನ್ಸ್ವಿಕ್ ಪಟ್ಟಣದಲ್ಲಿ ರಟ್ಗರ್ಸ್ ಕಾಲೇಜಿನ ಹುಡುಗರು ಪ್ರಿನ್ಸ್‌ಟನ್ನಿನವರನ್ನು 6-4ರಿಂದ ಸೋಲಿಸಿದರು. ಕಾಲೇಜು ಫುಟ್ಬಾಲಿನ ಚರಿತ್ರೆ ಆರಂಭವಾಗುವುದು ಅಲ್ಲಿಂದ. ಆಗಿನ ಆಟ ಇಂದಿನದಕ್ಕೆ ಹೋಲುತ್ತಿರಲಿಲ್ಲ. 1880ರ ದಶಕದಲ್ಲಿ ಯೇಲ್‌ನ ವಾಲ್ಟರ್ ಕ್ಯಾಂಪ್ ಎಂಬಾತ ನಿಯಮಗಳನ್ನು ತಿದ್ದಿ ಅದಕ್ಕೆ ಈಗಿನ ರೂಪವನ್ನು ಕೊಟ್ಟನು. ವೃತ್ತಿ ಲೀಗು ಹುಟ್ಟಿದ್ದು ಇದಾದ ಎಷ್ಟೋ ವರ್ಷಗಳ ಮೇಲೆ, 1920ರಲ್ಲಿ.

ಮಿಷಿಗನ್ ವಿಶ್ವವಿದ್ಯಾನಿಲಯವಿರುವ ಆನ್ ಆರ್ಬರ್ ಊರಿನ ಜನಸಂಖ್ಯೆ ಸುಮಾರು 1,20,000. ಅಲ್ಲಿನ ಕ್ರೀಡಾಂಗಣದಲ್ಲಿರುವ ಆಸನಗಳು 1,07,601! ದೇಶದ ಯಾವ ವೃತ್ತಿ ತಂಡಕ್ಕೂ ಇಷ್ಟು ದೊಡ್ಡ ಅಂಗಣವಿಲ್ಲ. ಓದು ಮುಗಿಸಿ ನಲವತ್ತು ವರ್ಷಗಳಾದ ವೃದ್ಧರೂ ತಮ್ಮ ವಿದ್ಯಾಪೀಠದ ಬಣ್ಣದ ಅಂಗಿ ತೊಟ್ಟು ಮೊಮ್ಮಕ್ಕಳ ಕೈಹಿಡಿದು ಬರುತ್ತಾರೆ. ನೆರೆಯ ಒಹಾಯೊ ರಾಜ್ಯದ ವಿಶ್ವವಿದ್ಯಾನಿಲಯದೊಡನೆ ಮಿಷಿಗನ್ನಿನವರು ಮೊದಲು ಸೆಣಸಿದ್ದು 1897ರಲ್ಲಿ. ಆ ಹಗೆತನ ಮನೆತನದ ಆಸ್ತಿಯಂತೆ ತಂದೆಯಿಂದ ಮಗನಿಗೆ ಬರುತ್ತದೆ. ಅದರಲ್ಲಿ ವಿಷಕ್ಕಿಂತ ಸಲಿಗೆಯೇ ಹೆಚ್ಚು.

ಇನ್ನೊಂದು ಮಾತು. ವೃತ್ತಿ ತಂಡ ಮಾಲೀಕನ ಸೊತ್ತು. ಅವನು ಮನಸ್ಸು ಮಾಡಿದರೆ ಅದು ಊರು ಬಿಟ್ಟು ಹೋಗಬಹುದು. 1984ರ ಮಾರ್ಚ್ ತಿಂಗಳ ಒಂದು ರಾತ್ರಿ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಸಾಮಾನು ಸರಂಜಾಮನ್ನೆಲ್ಲ ಲಾರಿಗಳಿಗೆ ಹೇರಿ ಇಂಡಿಯಾನಾಪೊಲಿಸ್ ನಗರಕ್ಕೆ ಸಾಗಿಸಿಬಿಟ್ಟರು. ಬೆಳಗಾದಾಗ ಬಾಲ್ಟಿಮೋರಿನ ಜನರಿಗೆ ತಂಡವೇ ಇರಲಿಲ್ಲ. ವಿಶ್ವವಿದ್ಯಾನಿಲಯವನ್ನು ಹಾಗೆ ಲಾರಿಗೆ ಹೇರುವುದು ಸಾಧ್ಯವೇ? ಅದು ನೆಲಕ್ಕೆ ಬೇರುಬಿಟ್ಟ ಮರ. ಶನಿವಾರದ ಮೇಲಿನ ನನ್ನ ಪ್ರೀತಿಗೆ ಇದೇ ಕಾರಣ.

ಭಾನುವಾರದ ಧರ್ಮ

ಇಂದು ರಾಷ್ಟ್ರೀಯ ಫುಟ್ಬಾಲ್ ಲೀಗಿನಲ್ಲಿ 32 ತಂಡಗಳಿವೆ. ಅವುಗಳ ಮಾಲೀಕರಲ್ಲಿ ಬಹುಮಂದಿ ಕೋಟ್ಯಧೀಶರು. ಇಂಥವರ ಕೂಟದಲ್ಲಿ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ನ್ಯಾಯವೇ ನಡೆಯುತ್ತಿರಬೇಕೆಂದು ಯಾರೂ ಊಹಿಸಬಹುದು. ಸೋಜಿಗವೆಂದರೆ ಅಲ್ಲಿರುವುದು ಅದಕ್ಕೆ ತೀರ ವಿರುದ್ಧವಾದ ಏರ್ಪಾಡು.

1936ರಿಂದ, ಕಾಲೇಜು ಬಿಟ್ಟು ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಇದು ಹರಾಜಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ, ಗೆದ್ದವರಿಗೆ ಕೊನೆಯದು. (ಮೊತ್ತಮೊದಲು ಆಯ್ಕೆಯಾದ ಜೇ ಬರ್ವ್ಯಾಂಗರ್ ವೃತ್ತಿ ಆಟವನ್ನೇ ಆಡಲಿಲ್ಲವೆಂಬುದು ಒಂದು ತಮಾಷೆ!) 1961ರಲ್ಲಿ ಲೀಗಿನ ಮುಖ್ಯಾಧಿಕಾರಿ ಪೀಟ್ ರೊಜೆಲ್ ದೂರದರ್ಶನದ ಹಕ್ಕನ್ನು ಒಟ್ಟಾಗಿ ಮಾರಿ ಹಣವನ್ನು ಸಮನಾಗಿ ಹಂಚುವಂತೆ ಮಾಲೀಕರನ್ನು ಒಪ್ಪಿಸಿದರು. ಅದಕ್ಕೆ ಅವಕಾಶ ಕೊಡುವ ಕಾನೂನು ಅದೇ ವರ್ಷ ಅಂಗೀಕಾರವಾಯಿತು. 1994ರಿಂದ ಆಟಗಾರರ ವೇತನಕ್ಕೆ ತಂಡವೊಂದು ಖರ್ಚು ಮಾಡಬಹುದಾದ ಮೊತ್ತಕ್ಕೂ ಮಿತಿಯುಂಟು. 2025ರಲ್ಲಿ ಆ ಮಿತಿ ತಂಡಕ್ಕೆ ಸುಮಾರು 27 ಕೋಟಿ 92 ಲಕ್ಷ ಡಾಲರು.

ಇದರ ಫಲವೇನು? ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಊರಿನಲ್ಲಿ ಇರುವವರು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಜನ. ಅಲ್ಲಿನ ಪ್ಯಾಕರ್ಸ್ ತಂಡಕ್ಕೆ ಒಬ್ಬ ಧನಿಕ ಮಾಲೀಕನೂ ಇಲ್ಲ. ಲಾಭಾಂಶವಿಲ್ಲದ ಷೇರುಗಳನ್ನು ಕೊಂಡ ಜನಸಾಮಾನ್ಯರೇ ಅದರ ಒಡೆಯರು. ದೇಶಾದ್ಯಂತದ ದೂರದರ್ಶನ ಒಪ್ಪಂದಗಳಿಂದ ನ್ಯೂಯಾರ್ಕಿನ ತಂಡಕ್ಕೆ ಎಷ್ಟು ಹಣ ಬರುವುದೋ ಈ ಪುಟ್ಟ ಊರಿಗೂ ಅಷ್ಟೇ ಬರುತ್ತದೆ. 1967 ಮತ್ತು 1968ರಲ್ಲಿ ನಡೆದ ಮೊದಲ ಎರಡು ಸೂಪರ್ ಬೌಲ್ ಪಂದ್ಯಗಳನ್ನು ಗೆದ್ದವರು ಇವರೇ. 1997ರಲ್ಲೂ 2011ರಲ್ಲೂ ಆ ಕೀರ್ತಿ ಅವರಿಗೆ ಮರಳಿ ದೊರೆಯಿತು.

ಮಾಲೀಕರು ಸಂತರೆಂದು ನಾನು ಹೇಳುವುದಿಲ್ಲ. ಬಾಲ್ಟಿಮೋರಿನ ಆ ರಾತ್ರಿಯನ್ನು ಮರೆಯುವುದು ಹೇಗೆ? ಎದುರಾಳಿ ಸತ್ವಹೀನನಾದರೆ ಪಂದ್ಯ ಸಪ್ಪೆ. ಪಂದ್ಯ ಸಪ್ಪೆಯಾದರೆ ಪೆಟ್ಟಿಗೆ ಖಾಲಿ. ವ್ಯಾಪಾರಿಗಳಿಗೆ ಈ ಲೆಕ್ಕ ಚೆನ್ನಾಗಿ ತಿಳಿದಿದೆ, ಅಷ್ಟೆ. ಆದರೆ ಲೆಕ್ಕದಿಂದ ಹುಟ್ಟಿದ ಸಮತೆಯೂ ಸಮತೆಯೇ ತಾನೆ?

ವಿದ್ಯಾಪೀಠಗಳ ಲೆಕ್ಕ

ಈಗ ವಿದ್ಯಾಪೀಠಗಳ ಲೆಕ್ಕವನ್ನು ನೋಡೋಣ. 1955ರಲ್ಲಿ ಕೊಲೊರಾಡೊ ರಾಜ್ಯದ ಒಂದು ಕಾಲೇಜಿನ ಆಟಗಾರನೊಬ್ಬ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಮೃತನಾದನು. ದುಡಿಯುವಾಗ ಸತ್ತ ಕಾರ್ಮಿಕನ ಕುಟುಂಬಕ್ಕೆ ಸಲ್ಲುವ ಪರಿಹಾರವನ್ನು ಅವನ ವಿಧವೆ ಕೇಳಿದಳು. ಅವನು ಕಾಲೇಜಿನ ನೌಕರನಲ್ಲವೆಂದು 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಆಕೆಯ ಕೋರಿಕೆಯನ್ನು ತಳ್ಳಿಹಾಕಿತು. ‘ವಿದ್ಯಾರ್ಥಿ ಕ್ರೀಡಾಪಟು’ ಎಂಬ ಮೃದುವಾದ ಮಾತನ್ನು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘ ಬಳಕೆಗೆ ತಂದದ್ದು ಆ ದಶಕದಲ್ಲೇ.

ತಲೆಗೆ ಬೀಳುವ ಪೆಟ್ಟು ಶನಿವಾರ, ಭಾನುವಾರ ಎಂದು ಎಣಿಸುವುದಿಲ್ಲ. ಮೃತ ಆಟಗಾರರ ಕುಟುಂಬಗಳು ದಾನವಾಗಿ ಕೊಟ್ಟ ಮಿದುಳುಗಳನ್ನು ಪರೀಕ್ಷಿಸಿದ ವೈದ್ಯರು 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರಾಷ್ಟ್ರೀಯ ಲೀಗಿನಲ್ಲಿ ಆಡಿದ್ದ 111 ಮಂದಿಯಲ್ಲಿ 110 ಮಂದಿಗೂ, ಕಾಲೇಜಿನಲ್ಲೇ ಆಟ ನಿಲ್ಲಿಸಿದ್ದ 53 ಮಂದಿಯಲ್ಲಿ 48 ಮಂದಿಗೂ ಮರುಮರುಕಳಿಸುವ ಪೆಟ್ಟಿನಿಂದ ಬರುವ ಮಿದುಳಿನ ರೋಗ ಕಂಡುಬಂದಿತು. ರೋಗದ ಶಂಕೆಯಿದ್ದವರ ಮನೆಯವರೇ ಹೆಚ್ಚಾಗಿ ದಾನ ಮಾಡುವುದರಿಂದ ಎಲ್ಲ ಆಟಗಾರರ ಸ್ಥಿತಿಯೂ ಇದೇ ಎನ್ನಲಾಗದು. ಆದರೂ ಒಂದು ಮಾತು ಸ್ಪಷ್ಟ: ಅಪಾಯ ಇಬ್ಬರದೂ ಒಂದೇ, ಸಂಬಳ ಮಾತ್ರ ಒಬ್ಬನಿಗೆ.

1984ರಲ್ಲಿ ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾನಿಲಯಗಳು ಹೂಡಿದ ದಾವೆಯಲ್ಲಿ, ದೂರದರ್ಶನದ ಮೇಲೆ ರಾಷ್ಟ್ರೀಯ ಸಂಘಕ್ಕಿದ್ದ ಹಿಡಿತವನ್ನು ಅಮೆರಿಕದ ಸುಪ್ರೀಂ ಕೋರ್ಟು ಮುರಿಯಿತು. ಅಂದಿನಿಂದ ಪ್ರಬಲರಿಗೆಲ್ಲ ತಮ್ಮ ತಮ್ಮ ಪಾಲಿನದೇ ಚಿಂತೆ. ಹಣದ ಹೊಳೆ ಹರಿಯಿತು. ತರಬೇತುಗಾರರ ವೇತನ ವರ್ಷಕ್ಕೆ ಲಕ್ಷಗಟ್ಟಲೆ ಡಾಲರುಗಳಿಗೇರಿತು. ಆಟಗಾರನಿಗೆ ಸಿಕ್ಕಿದ್ದು ಹೆಚ್ಚೆಂದರೆ ಪಾಠದ ಶುಲ್ಕ, ಊಟ, ವಸತಿ. ಕೊನೆಗೆ 2021ರಲ್ಲಿ ತನ್ನ ಹೆಸರು, ಚಿತ್ರಗಳಿಂದ ಸಂಪಾದಿಸುವ ಹಕ್ಕು ಅವನಿಗೆ ದೊರೆಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ ಒಪ್ಪಂದದಂತೆ, ಒಂದೊಂದು ವಿದ್ಯಾಪೀಠವೂ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ತನ್ನ ಕ್ರೀಡಾಪಟುಗಳಿಗೆ ನೇರವಾಗಿ ಹಂಚಬಹುದಾಯಿತು.

‘ಹಣ ಹುಡುಗರನ್ನು ಕೆಡಿಸಿತು’ ಎಂದು ಹಳೆಯ ಅಭಿಮಾನಿಗಳು ಹಲುಬುತ್ತಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಹಣ ಮೊದಲೂ ಇತ್ತು. ಬರಿದಾಗಿದ್ದದ್ದು ಆಡುವವನ ಜೇಬೊಂದೇ.

ಕೆಟ್ಟದ್ದು ಎಲ್ಲಿ?

ಕೇಡು ಇರುವುದು ಬೇರೆ ಕಡೆ. ವಿದ್ಯಾಪೀಠಗಳು ನೆರೆಹೊರೆಯವರೊಡನೆ ಕೂಟಗಳನ್ನು ಕಟ್ಟಿಕೊಂಡು ಆಡುವುದು ಬಹುಕಾಲದ ಪದ್ಧತಿ. ಶಾಂತಸಾಗರದ ತೀರದ ಕೂಟ 1915ರಷ್ಟು ಹಳೆಯದು. 2024ರಲ್ಲಿ ಅದರ ಹನ್ನೆರಡು ಸದಸ್ಯರ ಪೈಕಿ ಹತ್ತು ಮಂದಿ ದೂರದರ್ಶನದ ಹೆಚ್ಚಿನ ಹಣವನ್ನರಸಿ ಹೊರಟುಹೋದರು. ಶಾಂತಸಾಗರದ ಮಗ್ಗುಲಿನ ಸ್ಟ್ಯಾನ್‌ಫರ್ಡ್ ಸೇರಿದ್ದು ‘ಅಟ್ಲಾಂಟಿಕ್ ತೀರ’ದ ಕೂಟವನ್ನು! ‘ದೊಡ್ಡ ಹತ್ತು’ ಎಂಬ ಹೆಸರಿನ ಕೂಟದಲ್ಲಿ ಈಗಿರುವವರು ಹದಿನೆಂಟು ಮಂದಿ. ಲಾಸ್ ಏಂಜಲೀಸಿನ ಹುಡುಗರು ನ್ಯೂಜೆರ್ಸಿಯ ರಟ್ಗರ್ಸ್‌ಗೆ ಎರಡು ಸಾವಿರ ಮೈಲಿಗೂ ಮಿಕ್ಕಿ ಹಾರಿಹೋಗಿ ಕೂಟದ ಪಂದ್ಯವಾಡಬೇಕು. ವಾಲಿಬಾಲ್ ಆಡುವ ಹುಡುಗಿಯರಿಗೂ ಈ ಅಲೆದಾಟ ತಪ್ಪಿದ್ದಲ್ಲ. ಅವರು ಓದುವುದು ಯಾವಾಗ? ಆರೆಗನ್ ರಾಜ್ಯದ ಎರಡು ವಿದ್ಯಾಪೀಠಗಳು 1894ರಿಂದ ಸೆಣಸುತ್ತ ಬಂದವು. ಒಂದು ಶ್ರೀಮಂತ ಕೂಟಕ್ಕೆ ಹೋಯಿತು, ಇನ್ನೊಂದು ಪಾಳುಮನೆಯಲ್ಲಿ ಉಳಿಯಿತು. ಲಾರಿಗೆ ಹೇರಲಾಗದ ಮರವನ್ನು ಬೇರುಸಹಿತ ಕೀಳುವ ಉಪಾಯವನ್ನು ಪಂಡಿತರೇ ಕಂಡುಹಿಡಿದರು!

ಮದ್ದೇನೂ ದೂರವಿಲ್ಲ, ಭಾನುವಾರದವರ ಅಂಗಡಿಯಲ್ಲೇ ಇದೆ. ದೂರದರ್ಶನದ ಹಕ್ಕನ್ನು ವಿದ್ಯಾಪೀಠಗಳು ಒಟ್ಟಾಗಿ ಮಾರಲಿ, ಬಂದದ್ದನ್ನು ಹಂಚಿಕೊಳ್ಳಲಿ. 1961ರಲ್ಲಿ ಲೀಗಿಗೆ ಕಾನೂನಿನ ಬೆಂಬಲ ದೊರೆತಂತೆ ಇವರಿಗೂ ದೊರೆಯಲಿ. ಹಣವನ್ನು ಹಂಚಿಕೊಂಡ ಮೇಲೆ ಖಂಡದ ಆಚೆ ದಡದಲ್ಲಿ ಸಂಬಂಧ ಬೆಳೆಸುವ ಅಗತ್ಯ ಯಾರಿಗೂ ಇರದು; ನೆರೆಯವರು ನೆರೆಯವರೊಡನೆ ಆಡಬಹುದು. ಆಟಗಾರನೊಡನೆ ಮುಚ್ಚುಮರೆಯಿಲ್ಲದ ಕರಾರು ಆಗಲಿ. ಅದರಲ್ಲಿ ಸಂಬಳದ ಜೊತೆಗೆ, ಪದವಿ ಪಡೆದು ಹೋದ ಮೇಲೂ ಆಟದ ಗಾಯಗಳಿಗೆ ಚಿಕಿತ್ಸೆಯ ಭರವಸೆಯಿರಲಿ.

ಇದೆಲ್ಲ ಆಗುವ ಮಾತೇ ಎಂದು ವಾಚಕರು ಕೇಳಬಹುದು. 1905ರಲ್ಲಿ ಆಟದಲ್ಲಿ ಸಾಯುವ ತರುಣರ ಸಂಖ್ಯೆ ಹೆಚ್ಚಿ, ಫುಟ್ಬಾಲನ್ನೇ ನಿಷೇಧಿಸಬೇಕೆಂಬ ಕೂಗೆದ್ದಿತು. ಅಧ್ಯಕ್ಷ ಥಿಯೊಡರ್ ರೂಸ್ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ತಿದ್ದಬೇಕೆಂದು ಒತ್ತಾಯಿಸಿದರು. ಮರುವರ್ಷ ನಿಯಮಗಳು ಬದಲಾದವು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆತದ್ದು ಆಗಲೇ. ಇಂದು ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನೋಡುವ ಆ ನೀಳವಾದ ಎಸೆತ ಒಂದು ಸುಧಾರಣೆಯ ಕೂಸು. ಒಮ್ಮೆ ತನ್ನನ್ನು ತಾನು ತಿದ್ದಿಕೊಂಡ ಆಟ ಇನ್ನೊಮ್ಮೆ ತಿದ್ದಿಕೊಳ್ಳಲಾರದೆ?