ಮರೆಯಲಾಗದ ಆರು ಚಿತ್ರಗಳು

ಡಿಗ್ರಿ ಓದುತ್ತಿರುವ ಮಗಳು ಒಂದು ಭಾನುವಾರ ಬೆಳಿಗ್ಗೆ ಹಾಳೆ, ಪೆನ್ನು ಹಿಡಿದು ಎದುರು ಬಂದು ಕುಳಿತಳು. ಕಾಲೇಜಿನ ಗೋಡೆ ಪತ್ರಿಕೆಗೆ ಲೇಖನ ಬರೆಯಬೇಕಂತೆ. ವಿಷಯ: ಮನೆಯ ಹಿರಿಯರೊಬ್ಬರ ಮೆಚ್ಚಿನ ಹತ್ತು ಸಿನಿಮಾಗಳು.

‘ಹೇಳಿ ಅಪ್ಪಾ, ಇಲ್ಲಿವರೆಗೆ ನೋಡಿರೋದ್ರಲ್ಲಿ ಅತ್ಯುತ್ತಮ ಹತ್ತು.’

‘ಅತ್ಯುತ್ತಮವೋ, ಅಚ್ಚುಮೆಚ್ಚೋ?’ ಎಂದೆ.

‘ಎರಡೂ ಒಂದೇ ಅಲ್ವಾ?’

ಅಲ್ಲ. ತರಗತಿಗೆ ಮೊದಲು ಬರುವ ಹುಡುಗನೇ ನಮ್ಮ ಪ್ರಾಣಸ್ನೇಹಿತ ಆಗಿರಬೇಕೆಂದೇನೂ ಇಲ್ಲವಲ್ಲ! ‘ಅತ್ಯುತ್ತಮ’ ಯಾವುದೆಂದು ಹೇಳುವುದು ಪಂಡಿತರಿಗೂ ಕಷ್ಟ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಎಂಬ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತಾ ಬಂದಿದೆ. ಮೊದಲ ಸಲ ‘ಬೈಸಿಕಲ್ ಥೀವ್ಸ್’ ಗೆದ್ದಿತು. 1962ರಿಂದ 2002ರವರೆಗೆ ಐದು ಸಲವೂ ‘ಸಿಟಿಜನ್ ಕೇನ್’. 2012ರಲ್ಲಿ ಹಿಚ್‌ಕಾಕ್‌ನ ‘ವರ್ಟಿಗೊ’. 2022ರಲ್ಲಿ ಬೆಲ್ಜಿಯಂನ ಶಾಂತಾಲ್ ಅಕರ್ಮನ್ ಎಂಬಾಕೆಯ ‘ಜಾನ್ ಡೀಲ್‌ಮನ್’. ಪಂಡಿತರೇ ಮನಸ್ಸು ಬದಲಾಯಿಸುತ್ತಾರೆಂದ ಮೇಲೆ ನಮ್ಮ ಪಾಡೇನು? ಆದ್ದರಿಂದ ಅಚ್ಚುಮೆಚ್ಚಿನವನ್ನೇ ಹೇಳತೊಡಗಿದೆ. ಹತ್ತು ಹೇಳಲು ಹೊರಟವನು ಆರಕ್ಕೇ ನಿಂತೆ.

ಟೆಂಟಿನ ಮರಳಿನಲ್ಲಿ

ಮೊದಲನೆಯದು ನಮ್ಮೂರ ಟೆಂಟಿನಲ್ಲಿ ನೋಡಿದ ‘ಬಂಗಾರದ ಮನುಷ್ಯ’. ಸಂಜೆ ಟೆಂಟಿನ ಮೈಕಿನಿಂದ ದೇವರ ಹಾಡು ಕೇಳಿಸಿತೆಂದರೆ ಆಟ ಇನ್ನೇನು ಶುರು ಎಂದು ಅರ್ಥ. ಮರಳು ಗುಡ್ಡೆ ಮಾಡಿಕೊಂಡು ಅಮ್ಮನ ಪಕ್ಕದಲ್ಲಿ ಕುಳಿತಿದ್ದೆ. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ ಬಿಡುಗಡೆಯಾದದ್ದು 1972ರಲ್ಲಿ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ದಾಖಲೆ ಇದರದ್ದು. ಇದನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದವರ ಕಥೆಗಳನ್ನು ಈಗಲೂ ಹಳೆಯ ತಲೆಗಳು ಹೇಳುತ್ತವೆ.

ರಾಜ್‌ಕುಮಾರ್ ಬಂಡೆ ನೆಲವನ್ನು ಹೊಲ ಮಾಡುವುದನ್ನು ಕಂಡು ಟೆಂಟೇ ಹಾರಿಹೋಗುವಂತೆ ಶಿಳ್ಳೆ ಬಿದ್ದಿತ್ತು. ನನಗೆ ಉಳಿದಿರುವುದು ಆ ಶಿಳ್ಳೆಯಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟ ರಾಜೀವ, ತಾನೇ ಓದಿಸಿ ಬೆಳೆಸಿದ ಅಕ್ಕನ ಮಗನಿಂದ ಮಾತು ಕೇಳಿ, ಊಟಕ್ಕೆ ಕುಳಿತವನು ಎದ್ದು ಹೊರಟುಬಿಡುತ್ತಾನೆ. ಒಂದು ಎದುರುತ್ತರವಿಲ್ಲ. ‘ಯಾಕಮ್ಮ ಸುಮ್ಮನೆ ಹೋಗ್ತಾನೆ?’ ಎಂದು ಕೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಅಮ್ಮ, ‘ದೊಡ್ಡವನಾದ ಮೇಲೆ ಗೊತ್ತಾಗುತ್ತೆ, ಸುಮ್ಮನಿರು’ ಎಂದರು.

ಅಪ್ಪ ಮತ್ತು ಸೈಕಲ್ಲು

ಗೊತ್ತಾದದ್ದು ಮೈಸೂರಿನಲ್ಲಿ ಓದುವಾಗ. ಗೆಳೆಯನೊಬ್ಬ ಫಿಲ್ಮ್ ಸೊಸೈಟಿಯೊಂದಕ್ಕೆ ಕರೆದೊಯ್ದ. ಕಿಟಕಿಗಳಿಗೆ ಕಂಬಳಿ ಹೊದಿಸಿದ ಹಾಲು, ಗರಗರ ಎನ್ನುವ ಪ್ರೊಜೆಕ್ಟರು. ಅಂದು ನೋಡಿದ್ದು ಇಟಲಿಯ ವಿಟ್ಟೋರಿಯೋ ಡಿ ಸಿಕಾ 1948ರಲ್ಲಿ ಮಾಡಿದ ‘ಬೈಸಿಕಲ್ ಥೀವ್ಸ್’.

ಮಹಾಯುದ್ಧ ಮುಗಿದ ರೋಮ್ ನಗರ. ಆಂಟೋನಿಯೋಗೆ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕಿದೆ. ಆದರೆ ಸೈಕಲ್ ಇರಬೇಕೆಂಬ ಷರತ್ತು. ಹೆಂಡತಿ ಹಾಸಿಗೆಯ ಹೊದಿಕೆಗಳನ್ನು ಅಡವಿಟ್ಟು, ಅಡವಿಗೆ ಹೋಗಿದ್ದ ಸೈಕಲ್ ಬಿಡಿಸಿಕೊಡುತ್ತಾಳೆ. ಮೊದಲ ದಿನವೇ ಅದು ಕಳುವಾಗುತ್ತದೆ. ಅಪ್ಪ, ಮಗ ಬ್ರೂನೋ ಇಬ್ಬರೂ ಊರೆಲ್ಲ ಹುಡುಕುತ್ತಾರೆ. ಕೊನೆಗೆ ದಿಕ್ಕು ತೋಚದ ಅಪ್ಪ ತಾನೇ ಒಂದು ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಮಗನ ಕಣ್ಣೆದುರಿಗೇ ಏಟು ತಿನ್ನುತ್ತಾನೆ. ಹುಡುಗನ ಮುಖ ನೋಡಿದ ಸೈಕಲ್ ಯಜಮಾನ ದೂರು ಬೇಡವೆಂದು ಬಿಟ್ಟುಬಿಡುತ್ತಾನೆ. ಅಳುತ್ತಾ ನಡೆಯುವ ಅಪ್ಪನ ಕೈಯನ್ನು ಬ್ರೂನೋ ಹಿಡಿದುಕೊಳ್ಳುತ್ತಾನೆ. ಇಬ್ಬರೂ ಜನಜಂಗುಳಿಯಲ್ಲಿ ಕರಗುತ್ತಾರೆ. ಇಷ್ಟೇ ಕಥೆ. ಆಂಟೋನಿಯೋ ಆಗಿ ಅಭಿನಯಿಸಿದ ಲಂಬೆರ್ತೋ ಮಜ್ಜೋರಾನಿ ನಟನಲ್ಲ, ಕಾರ್ಖಾನೆಯ ಕಾರ್ಮಿಕ.

ದೀಪ ಹತ್ತಿದಾಗ ನಾನು ಮುಖ ತೋರಿಸುವ ಸ್ಥಿತಿಯಲ್ಲಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಹಾಸ್ಟೆಲಿಗೆ ಕಟ್ಟುವ ದುಡ್ಡು ಹೊಂದದೆ, ಅಪ್ಪ ನನ್ನನ್ನೂ ಕರೆದುಕೊಂಡು ಪೇಟೆಯ ಮಂಡಿಯೊಂದಕ್ಕೆ ಸಾಲ ಕೇಳಲು ಹೋಗಿದ್ದರು. ಸಾಹುಕಾರರು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. ಅಪ್ಪ ಕೈಕಟ್ಟಿಕೊಂಡು ಅರ್ಧ ಗಂಟೆ ನಿಂತರು. ಮನೆಯಲ್ಲಿ ಹುಲಿಯಂತಿದ್ದ ಅಪ್ಪ ಅಲ್ಲಿ ಹಾಗೆ ನಿಂತದ್ದನ್ನು ಕಂಡು ನನಗೆ ಬಂದದ್ದು ಕನಿಕರವಲ್ಲ, ನಾಚಿಕೆ. ವಾಪಸು ಬರುವಾಗ ಅಪ್ಪನ ಜೊತೆ ಹೆಜ್ಜೆ ಹಾಕದೆ ಮುಂದೆ ಮುಂದೆ ನಡೆದೆ. ನನಗಿಂತ ಚಿಕ್ಕವನಾದ ಬ್ರೂನೋಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ.

ಎಷ್ಟೋ ವರ್ಷಗಳ ನಂತರ, ಮನೆಗೆ ವಿಸಿಡಿ ಪ್ಲೇಯರ್ ಬಂದಾಗ, ನಿವೃತ್ತರಾಗಿದ್ದ ಅಪ್ಪನಿಗೆ ಈ ಚಿತ್ರ ತೋರಿಸಿದೆ. ಭಾಷೆ ಬಾರದಿದ್ದರೂ ಕದಲದೆ ನೋಡಿದರು. ಮುಗಿದ ಮೇಲೆ, ‘ಆ ಹುಡುಗನ್ನ ಹೋಟ್ಲಿಗೆ ಕರ್ಕೊಂಡು ಹೋದ್ನಲ್ಲ, ಅದು ದೊಡ್ಡದು ಕಣೋ’ ಎಂದರು. ಹೌದು, ನಡುವೆ ಅಂಥ ದೃಶ್ಯವೊಂದಿದೆ. ಸಿಟ್ಟಿನಲ್ಲಿ ಮಗನಿಗೆ ಹೊಡೆದ ಅಪ್ಪ, ಆಮೇಲೆ ಮನಸ್ಸು ತಡೆಯದೆ ಜೇಬಿನಲ್ಲಿದ್ದ ಕಾಸಿನಲ್ಲಿ ಅವನಿಗೆ ಚೀಸ್ ತುಂಬಿದ ಬ್ರೆಡ್ ಕೊಡಿಸುತ್ತಾನೆ. ಅಪ್ಪ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ಆವತ್ತು ಮಂಡಿಯಿಂದ ಬರ್ತಾ ನಿನಗೂ ಮಸಾಲೆ ದೋಸೆ ಕೊಡಿಸಿದ್ದೆ. ಜ್ಞಾಪಕ ಇದೆಯೇನೋ?’

ಇರಲಿಲ್ಲ. ಸಾಹುಕಾರರ ಮೇಜು, ಅಪ್ಪನ ಕಟ್ಟಿದ ಕೈ, ಗೋಡೆಯ ಕ್ಯಾಲೆಂಡರು ಎಲ್ಲ ನೆನಪಿತ್ತು. ದೋಸೆ ಮಾತ್ರ ಮರೆತುಹೋಗಿತ್ತು. ‘ನೀವೇನು ತಿಂದ್ರಿ?’ ಎಂದೆ. ‘ನನಗೆ ಹಸಿವಿರಲಿಲ್ಲ’ ಎಂದರು. ಈಗ ಅಪ್ಪ ಇಲ್ಲ. ಅಚ್ಚುಮೆಚ್ಚಿನ ಚಿತ್ರ ಯಾವುದೆಂದು ಯಾರು ಕೇಳಿದರೂ ಮೊದಲು ಬಾಯಿಗೆ ಬರುವುದು ಈ ಹೆಸರೇ.

ಹರಕು ಹೊದಿಕೆಯ ಕಣ್ಣು

ಮೂರನೆಯದು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955). ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಯ ಚಿತ್ರಗಳು ಬರುತ್ತಿದ್ದ ಕಾಲ ನೆನಪಿದೆಯೇ? ಬಂಗಾಳಿಯನ್ನೂ ಮಲಯಾಳವನ್ನೂ ನಾವು ಕಂಡದ್ದು ಹಾಗೆಯೇ.

ಲಂಡನ್ನಿನಲ್ಲಿ ‘ಬೈಸಿಕಲ್ ಥೀವ್ಸ್’ ನೋಡಿದ ಮೇಲೆಯೇ ರಾಯ್ ಅವರಿಗೆ ಸ್ಟುಡಿಯೋ ಇಲ್ಲದೆ, ಹೆಸರಾಂತ ನಟರಿಲ್ಲದೆ ಚಿತ್ರ ಮಾಡಬಹುದೆಂಬ ಧೈರ್ಯ ಬಂದದ್ದು. ದುಡ್ಡಿಲ್ಲದೆ ಚಿತ್ರೀಕರಣ ಮತ್ತೆ ಮತ್ತೆ ನಿಂತಿತು. ಹೆಂಡತಿಯ ಒಡವೆಗಳು ಅಡವಿಗೆ ಹೋದವು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ನೆರವಿಗೆ ಬಂತು. ಅಪು, ದುರ್ಗಾ ರೈಲು ನೋಡಲು ಓಡುವ ಬಯಲಿನ ಬಿಳಿ ಹೂಗಳನ್ನು, ತಂಡ ಇನ್ನೊಂದು ದಿನ ಹೋಗುವಷ್ಟರಲ್ಲಿ ದನಗಳು ಮೇದುಬಿಟ್ಟಿದ್ದವು. ಮತ್ತೆ ಹೂ ಬಿಡುವವರೆಗೆ ಕಾಯಬೇಕಾಯಿತು!

ಎಲ್ಲರೂ ರೈಲನ್ನು ನೆನೆಯುತ್ತಾರೆ. ನನಗೆ ಇಷ್ಟವಾದದ್ದು ಕೊಳ. ಅಕ್ಕ ದುರ್ಗಾ ಪಕ್ಕದ ಮನೆಯವರ ಸರ ಕದ್ದಳೆಂದು ಹಿಂದೆ ರಂಪವಾಗಿರುತ್ತದೆ. ಕದ್ದಿಲ್ಲವೆಂದು ಆಕೆ ಹೇಳಿರುತ್ತಾಳೆ. ಅವಳು ತೀರಿಕೊಂಡ ಮೇಲೆ, ಊರು ಬಿಡಲು ಗಂಟು ಕಟ್ಟುವಾಗ, ಆ ಸರ ಪುಟ್ಟ ಅಪುವಿನ ಕೈಗೆ ಸಿಗುತ್ತದೆ. ಯಾರಿಗೂ ಹೇಳದೆ ಅದನ್ನು ಕೊಳಕ್ಕೆ ಎಸೆಯುತ್ತಾನೆ. ಪಾಚಿ ಸರಿದು ಮತ್ತೆ ಕೂಡಿಕೊಳ್ಳುತ್ತದೆ. ಅಪುವನ್ನು ನಾವು ಹುಡುಗನಾಗಿ ಮೊದಲು ಕಾಣುವುದೂ ಹರಕು ಹೊದಿಕೆಯ ತೂತಿನಲ್ಲಿ ತೆರೆದುಕೊಳ್ಳುವ ಒಂದೇ ಒಂದು ಕಣ್ಣಾಗಿ.

ನಾಣಿ ಕಂಡದ್ದು

ನಾಲ್ಕನೆಯದು ನಮ್ಮದೇ ‘ಘಟಶ್ರಾದ್ಧ’ (1977). ಯು.ಆರ್. ಅನಂತಮೂರ್ತಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ, ಸ್ವರ್ಣಕಮಲದ ಗೌರವ. ವೇದ ಕಲಿಯಲು ಅಗ್ರಹಾರದ ಉಡುಪರ ಮನೆಗೆ ಬಂದ ಪುಟ್ಟ ನಾಣಿಗೆ ಅಮ್ಮನಂತೆ ಒದಗುವವಳು ಉಡುಪರ ವಿಧವೆ ಮಗಳು ಯಮುನೆ. ಆಕೆ ಬಸುರಿಯೆಂದು ತಿಳಿದಾಗ ಅಗ್ರಹಾರ ಬದುಕಿದ್ದವಳಿಗೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತದೆ. ಆಕೆಯ ಕಷ್ಟಕ್ಕೆ ಸಾಕ್ಷಿ ಆ ಹುಡುಗನೊಬ್ಬನೇ. ಅಪ್ಪ ಬಂದು ಅವನನ್ನು ಕರೆದೊಯ್ಯುವಾಗ, ತಲೆ ಬೋಳಿಸಿದ ಯಮುನೆ ಮರದ ಕೆಳಗೆ ಒಂಟಿಯಾಗಿ ಕುಳಿತಿದ್ದಾಳೆ. ನಾಣಿಗೆ ಅರ್ಥವಾಗುವುದು ಸ್ವಲ್ಪವೇ. ನಮಗೆ ಎಲ್ಲವೂ ಅರ್ಥವಾಗುತ್ತದೆ. ಆದರೂ ನಮ್ಮ ಕೈಲಿ ಏನೂ ಆಗುವುದಿಲ್ಲ.

ನಾಣಿಯಾಗಿ ಅಭಿನಯಿಸಿದ ಅಜಿತ್ ಕುಮಾರ್‌ಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು. ಸಂಗೀತಕ್ಕಾಗಿ ಬಿ.ವಿ. ಕಾರಂತರಿಗೂ ಬಂತು. ಮಾಸಿದ್ದ ಈ ಚಿತ್ರ ಹೊಸದಾಗಿ ಸಂರಕ್ಷಣೆಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆಯೇರಿದಾಗ, ನನ್ನ ಹಳೆಯ ಗೆಳೆಯನಿಗೇ ಬಹುಮಾನ ಬಂದಷ್ಟು ಸಂತೋಷವಾಯಿತು.

ಗೆಳೆಯನ ನೋಟ್ ಪುಸ್ತಕ

ಐದನೆಯದು ವಿದ್ಯಾರ್ಥಿಗಳು ನೋಡಲೇಬೇಕಾದದ್ದು. ಇರಾನಿನ ಅಬ್ಬಾಸ್ ಕಿಯರೋಸ್ತಮಿ 1987ರಲ್ಲಿ ಮಾಡಿದ ‘ಗೆಳೆಯನ ಮನೆ ಎಲ್ಲಿ?’ ಇಲ್ಲಿ ಹೊಡೆದಾಟವಿಲ್ಲ, ಹಾಡಿಲ್ಲ. ಹೋಂವರ್ಕನ್ನು ನೋಟ್ ಪುಸ್ತಕದಲ್ಲೇ ಬರೆಯಬೇಕು, ಇನ್ನೊಮ್ಮೆ ತಪ್ಪಿದರೆ ಶಾಲೆಯಿಂದ ಹೊರಗೆ ಎಂದು ಮೇಷ್ಟ್ರು ಹುಡುಗನೊಬ್ಬನಿಗೆ ಗದರಿಸಿದ್ದಾರೆ. ಅದೇ ದಿನ ಅವನ ನೋಟ್ ಪುಸ್ತಕ ಪಕ್ಕದ ಅಹ್ಮದನ ಚೀಲ ಸೇರಿಬಿಡುತ್ತದೆ. ಗೆಳೆಯನ ಊರು ಗುಡ್ಡದಾಚೆ. ಮನೆ ಎಲ್ಲೆಂದು ಗೊತ್ತಿಲ್ಲ.

ಅಹ್ಮದ ಅಮ್ಮನಿಗೆ ಹೇಳುತ್ತಾನೆ, ಮತ್ತೆ ಮತ್ತೆ ಹೇಳುತ್ತಾನೆ. ‘ಮೊದಲು ನಿನ್ನ ಹೋಂವರ್ಕ್ ಮುಗಿಸು’ ಎನ್ನುವುದೇ ಆಕೆಯ ಉತ್ತರ. ಅಜ್ಜನೋ, ತನ್ನ ಬಳಿ ಸಿಗರೇಟಿದ್ದರೂ ತಂದುಕೊಡೆಂದು ಅಟ್ಟುತ್ತಾನೆ. ಹುಡುಗ ಹೇಳಿದ ಮಾತು ಕೇಳುವುದನ್ನು ಕಲಿಯಬೇಕಂತೆ! ಅಹ್ಮದ ಗುಡ್ಡದ ಹಾವಿನಂಥ ದಾರಿಯಲ್ಲಿ ಓಡುತ್ತಾನೆ. ಮನೆ ಸಿಗುವುದಿಲ್ಲ. ರಾತ್ರಿ ಕುಳಿತು ಗೆಳೆಯನ ಹೋಂವರ್ಕನ್ನೂ ತಾನೇ ಬರೆಯುತ್ತಾನೆ. ಬೆಳಿಗ್ಗೆ ಮೇಷ್ಟ್ರು ಪುಸ್ತಕ ತೆರೆದಾಗ ಹಾಳೆಗಳ ನಡುವೆ ಒಂದು ಹೂವು.

ಈ ಚಿತ್ರ ನೋಡಿದ ಮರುದಿನ, ‘ಅಪ್ಪಾ, ಒಂದು ವಿಷಯ’ ಎಂದು ಮಗಳು ಬಂದಾಗ ಪತ್ರಿಕೆ ಮಡಿಚಿ ಪಕ್ಕಕ್ಕಿಟ್ಟೆ. ಒಂದು ಚಿತ್ರದಿಂದ ನನಗಾದ ಲಾಭ ಅದು.

ಹಿಮದಲ್ಲಿ ಉಯ್ಯಾಲೆ

ಕೊನೆಯದು ಜಪಾನಿನ ಅಕಿರಾ ಕುರೊಸಾವಾ ಅವರ ‘ಇಕಿರು’ (1952). ‘ಬದುಕುವುದು’ ಎಂದು ಅದರ ಅರ್ಥ. ವಟನಾಬೆ ಎಂಬ ನಗರಸಭೆಯ ಅಧಿಕಾರಿ ಮೂವತ್ತು ವರ್ಷ ಕಡತಗಳಿಗೆ ಮೊಹರು ಒತ್ತುತ್ತಾ ಕಳೆದಿದ್ದಾನೆ. ಹೊಟ್ಟೆಯ ಕ್ಯಾನ್ಸರ್, ಉಳಿದಿರುವುದು ಕೆಲವೇ ತಿಂಗಳೆಂದು ತಿಳಿಯುತ್ತದೆ. ತಾಯಿಯಿಲ್ಲದ ಮಗನನ್ನು ಒಬ್ಬನೇ ಸಾಕಿದವನು ಆತ. ಆ ಮಗನಿಗೆ ಹೇಳಿಕೊಳ್ಳಲು ಹೋದರೆ, ಅಪ್ಪನ ಮುಖ ನೋಡುವಷ್ಟು ವ್ಯವಧಾನ ಅವನಿಗಿಲ್ಲ.

ಕೊಳಚೆ ಗುಂಡಿ ಮುಚ್ಚಿಸಿ ಮಕ್ಕಳಿಗೊಂದು ಪಾರ್ಕು ಮಾಡಿಕೊಡಿ ಎಂದು ಬಡಾವಣೆಯ ಹೆಂಗಸರು ಕೊಟ್ಟ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತಿರುತ್ತದೆ. ಇಂಥ ಅಲೆದಾಟವನ್ನು ಕನ್ನಡದಲ್ಲಿ ಕಾಣಬೇಕಾದರೆ, 1986ರ ಸಾಲಿನ ಸ್ವರ್ಣಕಮಲ ಪಡೆದ ‘ತಬರನ ಕಥೆ’ ನೋಡಬೇಕು. ವಟನಾಬೆ ಆ ಅರ್ಜಿಯನ್ನು ಕೈಗೆತ್ತಿಕೊಂಡು, ಬೈಸಿಕೊಂಡು, ಕಾದು, ಪಾರ್ಕು ಮಾಡಿಸಿಯೇ ಬಿಡುತ್ತಾನೆ. ಹಿಮ ಬೀಳುವ ರಾತ್ರಿ ಅದೇ ಪಾರ್ಕಿನ ಉಯ್ಯಾಲೆಯಲ್ಲಿ ಕುಳಿತು ಹಾಡುತ್ತಾ ಪ್ರಾಣ ಬಿಡುತ್ತಾನೆ. ಅಪ್ಪ ಎಂಥವನೆಂದು ಮಗನಿಗೆ ತಿಳಿಯುವುದು ಸಾವಿನ ಮನೆಗೆ ಬಂದವರ ಮಾತಿನಿಂದ.

ನಮ್ಮನ್ನು ನೋಡುತ್ತಿದ್ದಾರೆ

ಬರೆದುಕೊಂಡ ಪಟ್ಟಿಯನ್ನು ಮಗಳು ಒಮ್ಮೆ ಓದಿಕೊಂಡಳು. ‘ಅಪ್ಪಾ, ಎಲ್ಲದ್ರಲ್ಲೂ ಚಿಕ್ಕವರು ದೊಡ್ಡವರನ್ನ ನೋಡ್ತಾ ಇದಾರೆ. ಇಲ್ಲಾಂದ್ರೆ ನೋಡದೇ ಕಳ್ಕೊಳ್ತಾರೆ’ ಎಂದಳು. ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ! ‘ಬೈಸಿಕಲ್ ಥೀವ್ಸ್’ಗೂ ಮೊದಲು ಡಿ ಸಿಕಾ ಮಾಡಿದ ಚಿತ್ರವೊಂದರ ಹೆಸರೇ ‘ಮಕ್ಕಳು ನಮ್ಮನ್ನು ನೋಡುತ್ತಿದ್ದಾರೆ’. ಅಚ್ಚುಮೆಚ್ಚಿನ ಚಿತ್ರಗಳನ್ನು ನಾವು ಆರಿಸಿಕೊಳ್ಳುತ್ತೇವೆ ಎಂದುಕೊಂಡಿದ್ದೆ. ನಮ್ಮೊಳಗೆ ಆರದೆ ಉಳಿದದ್ದು ಯಾವುದೋ, ಅದೇ ಅವನ್ನು ಆರಿಸುತ್ತದೆ.

ತಂದೆ ತಾಯಿಯರಲ್ಲಿ ಒಂದು ಮನವಿ. ತಿಂಗಳಿಗೊಂದು ಚಿತ್ರವನ್ನಾದರೂ ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿ. ಮೊಬೈಲು ಬೇರೆ ಕೋಣೆಯಲ್ಲಿರಲಿ. ನಡುವೆ ವಿವರಣೆ ಬೇಡ. ಮುಗಿದೊಡನೆ ‘ಇದರ ನೀತಿ ಏನು?’ ಎಂದು ಪರೀಕ್ಷೆಯೂ ಬೇಡ. ಚಿತ್ರದಲ್ಲಿ ಅವರಿಗೆ ಯಾರು ಇಷ್ಟವಾದರು ಎಂದು ಕೇಳಿ. ಉತ್ತರದಲ್ಲಿ ಮಕ್ಕಳೇ ಕಾಣುತ್ತಾರೆ. ವಿದ್ಯಾರ್ಥಿಗಳೇ, ನಿಮ್ಮ ಪಟ್ಟಿಯನ್ನೂ ಈಗಲೇ ಬರೆದಿಡಿ. ಯಾವ ಚಿತ್ರ, ಯಾರ ಜೊತೆ ನೋಡಿದಿರಿ, ಯಾಕೆ ಹಿಡಿಸಿತು, ಎರಡು ಸಾಲು ಸಾಕು. ಐದು ವರ್ಷ ಬಿಟ್ಟು ಅದೇ ಚಿತ್ರವನ್ನು ಮತ್ತೆ ನೋಡಿ. ಚಿತ್ರ ಅದೇ ಇರುತ್ತದೆ. ನೀವು ಎಷ್ಟು ಬದಲಾಗಿದ್ದೀರೆಂದು ಅದು ಹೇಳುತ್ತದೆ.

‘ಈಗ ನಿನ್ನ ಪಟ್ಟಿ ಹೇಳು’ ಎಂದೆ. ಮಗಳು ಪಟಪಟನೆ ಹತ್ತು ಹೆಸರು ಹೇಳಿದಳು. ಒಂದನ್ನೂ ನಾನು ನೋಡಿಲ್ಲ. ಮುಂದಿನ ಭಾನುವಾರ ಮೊದಲನೆಯದು ಎಂದು ಒಪ್ಪಂದವಾಗಿದೆ. ಅಂದಿನ ಮಸಾಲೆ ದೋಸೆ ನನ್ನ ಲೆಕ್ಕದಲ್ಲಿ.