ತಾಯತವೂ ಇರಲಿ, ಗುಳಿಗೆಯೂ ತಪ್ಪದಿರಲಿ

ಹರೆಯದ ಮಗ ಊಟ-ನಿದ್ದೆ ಬಿಟ್ಟು, ಯಾರೂ ಇಲ್ಲದ ಕಡೆಗೆ ಉತ್ತರ ಕೊಡತೊಡಗಿದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಅನೇಕ ಮನೆಗಳಲ್ಲಿ ಮೊದಲು ಬರುವ ಮಾತು ‘ಗಾಳಿ ಸೋಂಕೈತಿ’. ಚಿಂಚಲಿ ಮಾಯಕ್ಕ, ಸವದತ್ತಿ ಎಲ್ಲಮ್ಮ, ಹತ್ತಿರದ ದರ್ಗಾ, ದೂರದ ಗಾಣಗಾಪುರ ಎಲ್ಲ ಮುಗಿದ ಮೇಲೆ ಧಾರವಾಡದ ಸರದಿ. 1845ರಲ್ಲಿ ಅಲ್ಲಿ ಶುರುವಾದ ಹುಚ್ಚಾಸ್ಪತ್ರೆಯೇ ಇಂದಿನ ಡಿಮ್ಹಾನ್ಸ್. ಹೀಗೆ ತಡವಾಗುವುದನ್ನು ನೋಡಿದ ಓದಿದವರು ತಪ್ಪನ್ನೆಲ್ಲ ದೇವರ ತಲೆಗೆ ಕಟ್ಟುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಭಕ್ತಿಯಿದ್ದ ಮಾತ್ರಕ್ಕೆ ಚಿಕಿತ್ಸೆ ಕೆಡುವುದಿಲ್ಲ. ‘ಹರಕೆಯೋ ಗುಳಿಗೆಯೋ, ಒಂದನ್ನು ಬಿಡು’ ಎಂದು ಯಾರಾದರೂ ಹಟ ಹಿಡಿದಾಗ ಕೆಡುತ್ತದೆ. ಆ ಹಟ ಪೂಜಾರಿಯದೇ ಆಗಬೇಕೆಂದಿಲ್ಲ, ಡಾಕ್ಟರದೂ ಆಗಬಹುದು.

ಜಿನೀವಾದ ಮನೋವೈದ್ಯರು ಇಂಥ ಲಕ್ಷಣಗಳ ಮನೋರೋಗವಾದ ಸ್ಕಿಜೋಫ್ರೇನಿಯಾ ಇರುವ 103 ಜನರನ್ನು ವಿಚಾರಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕಾಯಿಲೆಯನ್ನು ಧರ್ಮದ ಮೂಲಕವೇ ಅರ್ಥ ಮಾಡಿಕೊಂಡಿದ್ದರು. ಕೆಲವರಿಗೆ ಅದು ಆಸರೆ, ಕೆಲವರಿಗೆ ಅಡ್ಡಿ. ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಗುಡಿಯೊಂದರಲ್ಲಿ ತಂಗಿದ್ದ ಮನೋರೋಗದ 31 ಜನರನ್ನು ನೋಡಿ 2002ರಲ್ಲಿ ಬರೆದದ್ದು ಇನ್ನೂ ಕುತೂಹಲದ್ದು: ಸರಾಸರಿ ಆರು ವಾರಗಳಲ್ಲಿ ಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದವು. ಅಲ್ಲಿ ಹೊಡೆತವಿಲ್ಲ, ಮಂತ್ರವಾದವಿಲ್ಲ. ಬೆಳಗಿನ ಪೂಜೆ, ಗುಡಿಯ ಕಸ ಹೊಡೆಯುವುದು, ಗಿಡಕ್ಕೆ ನೀರು ಹಾಕುವುದು, ಜೊತೆಗೆ ಮನೆಯವರು. ಹಾಗಾದರೆ ಗುಳಿಗೆ ಏಕೆ ಎನ್ನಬಹುದು. ಆ ಅಧ್ಯಯನದಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ನೋಡಿದ್ದೂ ಕೆಲವೇ ವಾರ. ಈ ಕಾಯಿಲೆಯೋ ವರ್ಷಗಟ್ಟಲೆಯದು. 65 ಪ್ರಯೋಗಗಳನ್ನು ಕೂಡಿಸಿ 2012ರಲ್ಲಿ ಲೆಕ್ಕ ಹಾಕಿದಾಗ, ಔಷಧ ಮುಂದುವರಿಸಿದವರಲ್ಲಿ ವರ್ಷದೊಳಗೆ ಶೇ. 27 ಮಂದಿಗೆ ಕಾಯಿಲೆ ಮರುಕಳಿಸಿತ್ತು; ನಿಲ್ಲಿಸಿದವರಲ್ಲಿ ಶೇ. 64 ಮಂದಿಗೆ.

ಡಾಕ್ಟರು ದೇವರಿಗೆ ಜಾಗ ಬಿಟ್ಟರೆ ಮೌಢ್ಯಕ್ಕೆ ಮುದ್ರೆ ಒತ್ತಿದಂತಾಗದೇ ಎಂಬ ಆಕ್ಷೇಪ ಹಗುರವಾದುದಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ದರ್ಗಾ ಊರಾದ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ 28 ಮನೋರೋಗಿಗಳು ಬೆಂಕಿಗೆ ಬಲಿಯಾದರು. ಸರಪಳಿಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದ ಹೊಡೆತವನ್ನು ಅದೇ ವರ್ಷದ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆ. ಅಲ್ಲಿ ರಾಜಿಯ ಮಾತಿಲ್ಲ. ಆದರೆ ತಾಯತ, ಭಂಡಾರ, ಅಮಾವಾಸ್ಯೆಯ ಎಡೆ ಯಾವುದೂ ಗುಳಿಗೆಗೆ ಅಡ್ಡ ಬರುವುದಿಲ್ಲ. ಅಡ್ಡ ಬರುವಂಥವು ಬೇರೆ ಇವೆ. ಲಿಥಿಯಂ ಎಂಬ ಮನೋರೋಗದ ಔಷಧ ತೆಗೆದುಕೊಳ್ಳುವವರು ರಂಜಾನಿನಲ್ಲೋ ಏಕಾದಶಿಯಲ್ಲೋ ನೀರನ್ನೂ ಬಿಟ್ಟರೆ ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು. ದೇವರ ಮಾತೆತ್ತಿದರೆ ಗದರುವ ಡಾಕ್ಟರ ಮುಂದೆ ಉಪವಾಸದ ವಿಷಯಕ್ಕೆ ಯಾರು ಬಾಯಿ ಬಿಟ್ಟಾರು?

ಗುಡಿ, ಮಠ, ದರ್ಗಾಗಳ ಹಿರಿಯರಲ್ಲಿ ಒಂದು ಕೋರಿಕೆ: ಭಂಡಾರ ಹಚ್ಚುವಾಗ, ತಾಯತ ಕಟ್ಟುವಾಗ ‘ಗುಳಿಗಿ ತಗೊಳ್ಳಾಕತ್ತೀ ಏನಪಾ?’ ಎಂದು ಕೇಳಿ. ನೀವು ‘ಬಿಡಬ್ಯಾಡ’ ಎಂದರೆ ಆ ಮಾತಿಗೆ ಡಾಕ್ಟರ ಚೀಟಿಗಿಂತ ತೂಕ ಹೆಚ್ಚು. ಮನೆಯವರಿಗೆ ದಾರಿ ತೋಚದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ, ಕನ್ನಡದಲ್ಲಿ, ದುಡ್ಡಿಲ್ಲದೆ.